ಹದಿನಾಲ್ಕೋ, ನೂರಾ ನಲವತ್ತೋ?

ಗೆಳೆಯರೇ, ಇವತ್ತು ಕುಮಟೆಯ ದವಾಖಾನೆಯಲ್ಲಿ ನಮ್ಮ ಸೋದರಮಾವ ತನ್ನ ಸಾವಿಗೆ ತಾನೇ ಅತ್ತುಬಿಟ್ಟ.

ಡಾಕ್ಟರು ಅವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಗಾಜಿನ ಕೊಳವೆಯಲ್ಲಿ ಪಾದರಸ ಏರಿಳಿದದ್ದನ್ನು ನೋಡಿ, "ರಕ್ತದ ಒತ್ತಡ ನೂರಾ ನಲವತ್ತು" ಎಂದರು.

ಮಾವ ಬೆಂಚಿನ ಮೇಲೆಯೇ ಒರಗಿದ. "ಹೋದ ವಾರ ಗೋವೆಯಲ್ಲಿ ಪೋರ್ತುಗೀಜ ಡಾಕ್ಟ್ರು ಹದಿನಾಲ್ಕು ಅಂದಿದ್ರು! ಒಂದೇ ವಾರಕ್ಕೆ ಹತ್ತು ಪಟ್ಟು ಆತಲ್ಲ! ಹೊನ್ನಾವರದ ತಂಗಿಗೆ ತಂತಿ ಕೊಡಿ, ಒಂದ್ಸಲ ಮುಖ ನೋಡ್ಕಂಡು ಹೋಗ್ತೆ."

ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡಳು.

ಡಾಕ್ಟರು ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ಕೊಳವೆಗೆ ಆನಿಸಿ ಹಿಡಿದು ಜೋರಾಗಿ ನಕ್ಕರು.

"ಅವರು ಪಾದರಸದ ಎತ್ತರವನ್ನ ಸೆಂಟಿಮೀಟರಿನಲ್ಲಿ ಹೇಳ್ತಾರೆ, ನಾನು ಮಿಲಿಮೀಟರಿನಲ್ಲಿ. ಹದಿನಾಲ್ಕು ಸೆಂಟಿಮೀಟರು ಅಂದ್ರೆ ನೂರಾ ನಲವತ್ತು ಮಿಲಿಮೀಟರು. ಅಲ್ಲಿ ಏರಿದಷ್ಟೇ ಇಲ್ಲೂ ಏರಿದೆ. ಉಪ್ಪು ಕಮ್ಮಿ ಮಾಡಿ, ಸಾಕು."

"ಹಂಗಾದ್ರೆ ತಂತಿ ಬೇಡ," ಎಂದು ಮಾವ ಎದ್ದು ಕೂತು ಕಣ್ಣೊರೆಸಿಕೊಂಡ.

ಮನೆಗೆ ಬಂದು ಊಟಕ್ಕೆ ಕೂತಾಗ, "ಉಪ್ಪಿನಕಾಯಿ ಬಡಿಸೇ, ನಂಗೆ ಬರೀ ಹದಿನಾಲ್ಕು" ಎಂದ. ಸಂಜೆ ಅತ್ತೆ ಬಾವಿಯಿಂದ ನೀರು ಸೇದಿಕೊಡಲು ಕರೆದರೆ, "ನೂರಾ ನಲವತ್ತು ಇದ್ದವನಿಗೆ ಎಂತಾ ಕೆಲಸ ಹೇಳ್ತಿಯೇ?" ಎನ್ನುತ್ತ ಮುಸುಕೆಳೆದು ಮಲಗಿದ.

ಡಾಕ್ಟರು ಹೇಳಿಕೊಟ್ಟ ಲೆಕ್ಕ ನಮ್ಮೆಲ್ಲರಿಗಿಂತ ಮಾವನಿಗೇ ಚೆನ್ನಾಗಿ ತಲೆಗೆ ಹತ್ತಿದೆ.