ಅಜ್ಜ ಮೆಟ್ಟಿಲ ಮೇಲೆ ನಿಂತು ಕೂಗಿದ ಸಂಜೆ

ನಮ್ಮ ಅಜ್ಜ ತೀರಿಕೊಂಡು ಈ ಮಳೆಗಾಲಕ್ಕೆ ಒಂದು ವರ್ಷ. ನಾನು ಹೇಳಹೊರಟಿರುವುದು ಅದಕ್ಕೂ ಎರಡು ವರ್ಷ ಹಿಂದಿನ ಮಾತು. ಆಗ ನಾನು ಡಿಗ್ರಿ ಓದುತ್ತಿದ್ದೆ. ಜೂನ್ ತಿಂಗಳು, ಮುಂಬಯಿಗೆ ಮೊದಲ ಮಳೆ ಬಿದ್ದ ದಿನ.

ಅಜ್ಜ ವಿಜಯಪುರ ಜಿಲ್ಲೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಕಟ್ಟಡದ ಕೆಲಸದಲ್ಲಿ ಜಲ್ಲಿಕಲ್ಲಿನ ಖಡಿ ಹೊತ್ತು, ಆಮೇಲೆ ಮುಕಾದಮ್ ಆದ. ಮುಕಾದಮ್ ಎಂದರೆ ಕೂಲಿಗಳ ಗುಂಪಿನ ಮುಂದಾಳು. ಪವಾಯಿಯ ಎಷ್ಟೋ ಬಿಲ್ಡಿಂಗುಗಳು ಅವನ ಕಣ್ಣೆದುರೇ ಎದ್ದವು. ಎಲ್ಲದಕ್ಕೂ ಕ್ರೇನ್ ಇಲ್ಲದ ಕಾಲ ಅದು. ಕಬ್ಬಿಣದ ತೊಲೆಗಳನ್ನು ಜನರೇ ಹಗ್ಗ ಕಟ್ಟಿ ಏರಿಸಬೇಕು, ಇಳಿಸಬೇಕು. ಅಜ್ಜ ಕೆಳಗೆ ನಿಂತು ಕೂಗು ಹಾಕಿದರೆ ಮೇಲಿದ್ದವರೆಲ್ಲ "ಹೈಶಾ!" ಎಂದು ಒಟ್ಟಿಗೆ ಕೈ ಹಾಕುತ್ತಿದ್ದರಂತೆ. ಆ ಗಂಟಲು ವಯಸ್ಸಾದರೂ ಇಳಿಯಲಿಲ್ಲ. ಆಂಟಾಪ್ ಹಿಲ್‌ನ ನಮ್ಮ ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಅಜ್ಜ ಅಜ್ಜಿಯ ಕಿವಿಯಲ್ಲಿ ಏನಾದರೂ ಹೇಳಿದರೆ ಪಕ್ಕದ ರೂಮಿನ ಮರಾಠಿ ಹೆಂಗಸು, ನಾವು ಮಾವಶಿ ಎನ್ನುತ್ತಿದ್ದವಳು, ಅಲ್ಲಿಂದಲೇ ಉತ್ತರ ಕೊಡುತ್ತಿದ್ದಳು.

ಆ ದಿನ ಅಜ್ಜನ ಕಣ್ಣು ತೋರಿಸಿಕೊಂಡು ನಾವಿಬ್ಬರೂ ಲೋಕಲ್‌ನಲ್ಲಿ ವಾಪಸ್ ಬರುತ್ತಿದ್ದೆವು. ನಡುವೆ ಒಂದು ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕಿತ್ತು. ಆಫೀಸು ಬಿಡುವ ಹೊತ್ತು. ಇಳಿಯುತ್ತಿದ್ದಂತೆ ಮಳೆ ಹಿಡಿಯಿತು. ಅದೇ ಪ್ಲಾಟ್‌ಫಾರಂನ ಇನ್ನೊಂದು ಬದಿಗೂ ಆ ಗಳಿಗೆಯಲ್ಲೇ ಗಾಡಿ ಬಂತು. ಎರಡೂ ಗಾಡಿಯ ಜನ ಹಳಿ ದಾಟುವ ಸೇತುವೆಯ ಒಂದೇ ಮೆಟ್ಟಿಲಿಗೆ ನುಗ್ಗಿದರು. ನಾವು ಅರ್ಧ ಹತ್ತಿ, ನಡುವೆ ಮೆಟ್ಟಿಲು ತಿರುಗುವಲ್ಲಿನ ಚಿಕ್ಕ ಕಟ್ಟೆಯಂಥ ಜಾಗಕ್ಕೆ ಬಂದಾಗ ಮುಂದಿನವರು ನಿಂತುಬಿಟ್ಟರು. ಸೇತುವೆಯ ಆಚೆ ಅರ್ಧಕ್ಕೆ ಸೂರು ಇರಲಿಲ್ಲ. ಮಳೆಗೆ ಹೆದರಿದ ಜನ ಸೂರಿನ ಅಂಚಿನಲ್ಲೇ ಗೋಡೆಯಂತೆ ನಿಂತಿದ್ದರು. ಕೆಳಗಿನವರಿಗೆ ಅದು ಕಾಣಿಸದು. ಅವರು ಹತ್ತುತ್ತಲೇ ಇದ್ದರು.

ಮೊದಲು ಎಲ್ಲರೂ ಗೊಣಗಿದರು. ಆಮೇಲೆ ಗೊಣಗಾಟ ನಿಂತಿತು. ನನಗೆ ಭಯವಾದದ್ದು ಆಗಲೇ. ಮಾತಾಡಲು ಯಾರಿಗೂ ಉಸಿರು ಉಳಿದಿರಲಿಲ್ಲ. ಎದೆ ಬಿಗಿಯಿತು, ಕಾಲು ನೆಲ ಬಿಟ್ಟಿತು. ನನ್ನ ಪಕ್ಕದ ಹೆಂಗಸು ಮಗುವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು.

ಅಜ್ಜ ನನ್ನ ಕೈಯನ್ನು ಗೋಡೆಗೆ ಹಾಕಿದ್ದ ಕಬ್ಬಿಣದ ಕಂಬಿಗೆ ಒತ್ತಿದ.

"ಇದನ್ನ ಹಿಡಕೊ. ಏನ ಆದ್ರೂ ಬಿಡಬ್ಯಾಡ."

"ಅಜ್ಜಾ, ನೀ ಎಲ್ಲಿ ಹೋಗ್ತಿ?"

ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಸಿಮೆಂಟಿನ ದಿಬ್ಬವಿತ್ತು. ಎಪ್ಪತ್ತು ದಾಟಿದ ಮನುಷ್ಯ, ಇಬ್ಬರ ಭುಜ ಹಿಡಿದು ಅದರ ಮೇಲೆ ಹತ್ತಿ ನಿಂತ. ಅಲ್ಲಿಂದ ಅವನಿಗೆ ಮೇಲೂ ಕಾಣುತ್ತಿತ್ತು, ಕೆಳಗೂ ಕಾಣುತ್ತಿತ್ತು.

"ರುಕೋ!" ಎಂದು ಕೂಗಿದ. ಯಾರೂ ಕೇಳಲಿಲ್ಲ. ಈ ಊರಲ್ಲಿ ನಿಲ್ಲು ಎಂದರೆ ಯಾರು ನಿಲ್ಲುತ್ತಾರೆ? ಕೆಳಗಿನವರು ಗಾಬರಿಯಿಂದ ಇನ್ನಷ್ಟು ನೂಕಿದರು. ಯಾರೋ ಚೀರಿದರು.

ಆಗ ಅಜ್ಜ ತಲೆ ಹಿಂದಕ್ಕೆ ಹಾಕಿ ತನ್ನ ಕೆಲಸದ ಕೂಗನ್ನು ತೆಗೆದ. ಮಳೆ, ಗಾಡಿ, ಜನ ಎಲ್ಲದರ ಮೇಲೆ ಹೋಗುವಂಥ, ಎಳೆದೆಳೆದು ಹಾಡಿದಂಥ ಕೂಗು.

"ನೀಚೇವಾಲೇ... ಏಕ್ ಸೀಢೀ... ಪೀಛೇ... ಹೈಶಾ!"

ಕೆಳಗಿನವರು ಒಂದು ಮೆಟ್ಟಿಲು ಹಿಂದಕ್ಕೆ ಎಂದು ಅರ್ಥ. ಒಂದು ಕ್ಷಣ ಏನೂ ಆಗಲಿಲ್ಲ. ಅಜ್ಜ ಮತ್ತೆ ಕೂಗಿದ. ಈ ಸಲ ಮೆಟ್ಟಿಲ ಬುಡದಿಂದ "ಹೈಶಾ!" ಎಂದು ಉತ್ತರ ಬಂತು. ಅಲ್ಲಿ ತರಕಾರಿ ಮೂಟೆ ಹೊತ್ತ ಹಮಾಲರು ಸಿಕ್ಕಿಹಾಕಿಕೊಂಡಿದ್ದರು. ಅವರಿಗೆ ಆ ಕೂಗು ಗೊತ್ತಿತ್ತು. ಅವರು ಒಂದು ಮೆಟ್ಟಿಲು ಇಳಿದರು. ಮತ್ತೆ ಕೂಗು, ಮತ್ತೆ ಉತ್ತರ. ಬ್ಯಾಗು ಹಾಕಿಕೊಂಡ ಕಾಲೇಜು ಹುಡುಗರು, ಆಫೀಸಿನವರು, ಹೆಂಗಸರು, ಒಬ್ಬೊಬ್ಬರಾಗಿ ದನಿ ಸೇರಿಸಿದರು. ಒಂದು ಕೂಗಿಗೆ ಒಂದೇ ಮೆಟ್ಟಿಲು, ಎಲ್ಲರೂ ಒಟ್ಟಿಗೆ. ಅದಕ್ಕೇ ಯಾರೂ ಎಡವಲಿಲ್ಲ, ಯಾರ ಮೇಲೂ ಯಾರೂ ಬೀಳಲಿಲ್ಲ. ನನ್ನ ಎದೆಗೆ ಗಾಳಿ ಬಂತು. ಕಾಲು ನೆಲ ಮುಟ್ಟಿತು.

ಅಜ್ಜ ಈಗ ಮೇಲಕ್ಕೆ ತಿರುಗಿದ. ಸೂರಿನ ಕೆಳಗೆ ನಿಂತವರಿಗೆ ಮರಾಠಿಯಲ್ಲಿ ಗದರಿದ.

"ಪುಢೇ ಚಲಾ ರೇ! ಭಿಜಲಾತ್ ತರ್ ಮರಣಾರ್ ನಾಹೀ!"

ಮುಂದೆ ನಡೀರಿ, ನೆನೆದರೆ ಸಾಯೋದಿಲ್ಲ ಎಂದ. ಅಂಥ ಹೊತ್ತಿನಲ್ಲೂ ಯಾರೋ ನಕ್ಕರು. ಮೇಲಿನ ಗೋಡೆ ಒಡೆಯಿತು, ಜನ ಮಳೆಯಲ್ಲಿ ನೆನೆಯುತ್ತ ಸೇತುವೆ ದಾಟಿದರು.

ಪಕ್ಕದ ಹೆಂಗಸು ಮಗುವನ್ನು ಇಳಿಸಿಕೊಂಡು ಮೆಟ್ಟಿಲ ಮೇಲೇ ಕುಳಿತು ಅತ್ತಳು. ನಾನೂ ಅತ್ತೆ. ಪೊಲೀಸನೊಬ್ಬ ಬಂದು, "ಕೂಗಿದ್ದು ಯಾರು?" ಎಂದು ಕೇಳಿದ. ಸುತ್ತಲಿನವರೆಲ್ಲ ಅಜ್ಜನ ಕಡೆ ಕೈ ತೋರಿಸಿದರು. ಅವನು ದಿಬ್ಬದಿಂದ ಇಳಿಯಲಾರದೆ ಕಂಬಿ ಹಿಡಿದು ನಿಂತಿದ್ದ. ಹತ್ತುವಾಗ ಇಲ್ಲದ ಮೊಣಕಾಲು ನೋವು ಇಳಿಯುವಾಗ ನೆನಪಾಗಿತ್ತು. ಆ ಪೊಲೀಸನೇ ತೋಳು ಕೊಟ್ಟು ಇಳಿಸಿಕೊಂಡ. ಅಜ್ಜ ನನ್ನನ್ನು ನೋಡಿ, "ಚಾ ಕುಡಿಯೂಣು ನಡಿ" ಎಂದ. ಆದರೆ ದನಿಯೇ ಬರಲಿಲ್ಲ, ತುಟಿ ಮಾತ್ರ ಅಲುಗಿತು.

ಮನೆಗೆ ಬಂದು ನಾನು ನಡೆದದ್ದನ್ನು ಹೇಳಿದೆ. ಅಜ್ಜಿ ಕೈಯಲ್ಲಿದ್ದ ರೊಟ್ಟಿ ಹಿಟ್ಟನ್ನು ಹಾಗೇ ಬಿಟ್ಟು ಎದ್ದು ನಿಂತಳು. ಹೊಗಳುತ್ತಾಳೆ ಎಂದುಕೊಂಡಿದ್ದೆ.

"ನಿಮಗ ಬುದ್ಧಿ ಐತೇನ್ರಿ? ಹುಡುಗೀನ ಆ ಮಂದಿ ನಡಕ ಬಿಟ್ಟು ನೀವು ಮ್ಯಾಲ ಹತ್ತಿ ನಿಂತ್ರಿ? ಮೊದಲ ಆಕಿನ್ನ ಎಳಕೊಂಡು ಹೊರಗ ಬರಬೇಕಿಲ್ಲ?"

ಅಜ್ಜ ಬಿಸಿನೀರು ಕುಡಿದು, ಉಳಿದಷ್ಟು ದನಿಯಲ್ಲಿ ಹೇಳಿದ. "ಆಕಿ ಒಬ್ಬಾಕಿನ್ನ ಎಳದಿದ್ರ ಆ ಸಂದಿನಾಗ ಹಿಂದಿನವರು ಬೀಳ್ತಿದ್ರು. ಆಮ್ಯಾಲ ಆಕಿ ಮ್ಯಾಲ ಎಲ್ಲಾರೂ ಬೀಳ್ತಿದ್ರು. ಎಲ್ಲಾರೂ ಸರದ್ರನ ಆಕಿ ಉಳೀತಿದ್ಲು. ನನಗೇನು ಬ್ಯಾರೆ ದಾರಿ ಇತ್ತು?"

ಅಜ್ಜಿ ಮತ್ತೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ. ಅಜ್ಜ ಒಂದು ವಾರ ಪಿಸುಮಾತಿನಲ್ಲೇ ಕಳೆದ. ಪಕ್ಕದ ಮಾವಶಿ ಎರಡು ಸಲ ಬಂದು, "ಅಜೋಬಾ ಬರೇ ಆಹೇತ್ ನಾ?" ಎಂದು ಅವನ ಆರೋಗ್ಯ ವಿಚಾರಿಸಿ ಹೋದಳು.

ಕಳೆದ ಮಳೆಗಾಲದಲ್ಲಿ ಅಜ್ಜ ಒಂದು ಬೆಳಗ್ಗೆ ಏಳಲೇ ಇಲ್ಲ. ಮಾತಾಡಿಸಲು ಬಂದವರಿಗೆಲ್ಲ ಅಜ್ಜಿ ಆ ಸಂಜೆಯ ಕತೆಯನ್ನೇ ಹೇಳುತ್ತಿದ್ದಳು, ತಾನು ಬೈದದ್ದನ್ನು ಮಾತ್ರ ಬಿಟ್ಟು. ಈಗಲೂ ಹೇಳುತ್ತಾಳೆ. ಹೇಳಿದಂತೆಲ್ಲ ಮೆಟ್ಟಿಲು ಎತ್ತರವಾಗುತ್ತದೆ, ಜನ ಹೆಚ್ಚುತ್ತಾರೆ. ಮೊನ್ನೆ ಊರಿಂದ ಬಂದ ಬೀಗರ ಮುಂದೆ, "ಅರ್ಧಾ ಮುಂಬೈನ ಅಲ್ಲಿ ನಿಂತಿತ್ತು ನೋಡ್ರಿ" ಅಂದಳು. ಅವರು ನಂಬಲಾರದೆ ನನ್ನ ಮುಖ ನೋಡಿದರು.

"ಹೌದ್ರಿ," ಅಂದೆ. "ನಾನೂ ಅಲ್ಲೇ ಇದ್ದೆ. ಅಷ್ಟೂ ಮಂದಿ ನಮ್ಮಜ್ಜನ ಮಾತು ಕೇಳಿದ್ರು."