ಅಣ್ಣನ ಕತೆಯ ಶುದ್ಧಪ್ರತಿ

ನಾನು ಓದಿದ್ದು ಮಿಡ್ಲ್ ಸ್ಕೂಲಿನ ಎರಡನೇ ವರ್ಷದವರೆಗೆ. ನಮ್ಮ ಮನೆಗೆ ಅದೇ ಹೆಚ್ಚು. ಅಪ್ಪ ಹಳ್ಳಿಯ ಹೊಲ ಬಿಟ್ಟು ಮೈಸೂರಿಗೆ ಬಂದು ಜಟಕಾ ಹೊಡೆದವರು. ಅವರು ತೀರಿಕೊಂಡ ಮೇಲೆ ಅದೇ ಗಾಡಿ, ಅದೇ ಬಿಳಿ ಕುದುರೆ ಅಣ್ಣನ ಕೈಗೆ ಬಂತು. ಅಣ್ಣನಿಗೆ ಅಕ್ಷರ ಬರುತ್ತಿತ್ತು, ಆದರೆ ಪೈರು ನಾಟಿ ಮಾಡುವವರ ಹಾಗೆ ಬಗ್ಗಿ ಒಂದೊಂದನ್ನೇ ಊರುತ್ತಿದ್ದ. ಕೈಬರಹ ಚೆನ್ನಾಗಿದ್ದದ್ದು ನನ್ನದು. ಚಾಮರಾಜಪುರಂನ ನಮ್ಮ ವಠಾರದಲ್ಲಿ ಯಾರಿಗೆ ಅರ್ಜಿ ಬೇಕಾದರೂ ನನ್ನನ್ನೇ ಕೂಗುತ್ತಿದ್ದರು. ಆ ಜಂಬವೇ ನನ್ನ ಕೈಯಲ್ಲಿ ಈಗ ಹೇಳಹೊರಟಿರುವ ತಪ್ಪು ಮಾಡಿಸಿತು ಎಂದರೆ ಅರ್ಧ ನಿಜ. ಇನ್ನರ್ಧವನ್ನು ಅಣ್ಣನಿಗೆ ಕೊನೆಯವರೆಗೂ ಹೇಳಲಿಲ್ಲ.

ಅಣ್ಣ ದಿನಾ ಬೆಳಿಗ್ಗೆ ಲಕ್ಷ್ಮೀಪುರಂನಿಂದ ಯಾದವಗಿರಿಯ ರೇಡಿಯೋ ಸ್ಟೇಷನ್ನಿಗೆ ಒಬ್ಬ ಸಾಹೇಬರನ್ನು ಕರೆದೊಯ್ಯುತ್ತಿದ್ದ. ಹಳ್ಳಿಯವರಿಗಾಗಿ ಸಂಜೆ ಬರುತ್ತಿದ್ದ ಕಾರ್ಯಕ್ರಮ ಅವರ ಉಸ್ತುವಾರಿಯಲ್ಲಿತ್ತು. ಗಾಡಿ ಹೊಡೆಯುತ್ತ ಕತೆ ಹೇಳುವುದು ಅಣ್ಣನ ಅಭ್ಯಾಸ. ಒಂದು ದಿನ ಸಾಹೇಬರು ಸ್ಟೇಷನ್ ಬಂದರೂ ಇಳಿಯದೆ ಕೂತು, ಕತೆ ಮುಗಿದ ಮೇಲೆ, "ಇದನ್ನ ಬರೆದುಕೊಂಡು ಬಾರಯ್ಯ, ನನಗೆ ಹೇಳಿದ ಹಾಗೇ ಬರಿ. ಚೆನ್ನಾಗಿದ್ದರೆ ತಿಂಗಳಿಗೊಂದು ನೀನೇ ಬರೆಯುವೆಯಂತೆ" ಎಂದರಂತೆ.

ಅವತ್ತು ಅಣ್ಣ ಮಧ್ಯಾಹ್ನವೇ ಮನೆಗೆ ಬಂದುಬಿಟ್ಟ.

"ಅವ್ವಾ, ನಾನು ರೇಡಿಯೋಗೆ ಬರೀಬೇಕಂತೆ!"

ಅವ್ವ ಮುದ್ದೆ ತೊಳಸುತ್ತಿದ್ದವಳು ತಿರುಗಲೂ ಇಲ್ಲ. "ನೀನಾ? ನಿನ್ನ ಕೈಬರ ನೋಡುದ್ರೆ ರೇಡಿಯೋನೇ ಕೆಟ್ಟೋಯ್ತದೆ, ಓಗು."

"ಅದುಕ್ಕೇ ಅಲ್ವಾ ಇವ್ಳವ್ಳೆ," ಎಂದು ಅಣ್ಣ ನನ್ನ ಜಡೆ ಎಳೆದ. "ನಾನು ಸೀಸದಕಡ್ಡೀಲಿ ಗೀಚ್ತೀನಿ. ನೀನು ಶಾಯೀಲಿ ಅಂದವಾಗಿ ಬರ್ಕೊಡು ಕಣವ್ವ."

ಕತೆ ಇಷ್ಟೇ. ನಮ್ಮ ಕುದುರೆ ಮೊದಲು ದಿನಾ ಒಬ್ಬ ಮುದಿ ಮೇಷ್ಟ್ರನ್ನು ಅವರ ಗೇಟಿನಿಂದ ಸ್ಕೂಲಿಗೆ ಬಿಡುತ್ತಿತ್ತು. ಮೇಷ್ಟ್ರು ಸತ್ತುಹೋದರು. ಮಾರನೆಯ ದಿನವೂ ಕುದುರೆ ಆ ಗೇಟಿನ ಮುಂದೆ ನಿಂತಿತು. ಎಷ್ಟು ಹೊಡೆದರೂ ಕದಲಲಿಲ್ಲ. ಮೇಷ್ಟ್ರ ಹೆಂಡತಿ ಹೊರಗೆ ಬಂದು ನೋಡಿ, ಒಳಗೆ ಹೋಗಿ, ಒಂದು ಹಿಡಿ ನೆನೆಸಿದ ಕಡಲೆ ತಂದು ತಿನ್ನಿಸಿದರು. ಆಮೇಲೆ ಹೊರಟಿತು. ಅಂದಿನಿಂದ ಅದೇ ನಡೆದುಕೊಂಡು ಬಂತು. ಅಣ್ಣ ಅದನ್ನು ಅವ್ವನ ಮಾತಿನಲ್ಲಿ, ನಮ್ಮ ಮನೆಯ ಮಾತಿನಲ್ಲಿ ಬರೆದಿದ್ದ. ನಡುವೆ ಕುದುರೆಗೆ ಅವನು ಬೈಯುವ ಬೈಗುಳಗಳೂ ಇದ್ದವು. ಆರು ಹಾಳೆ ಗೀಚಲು ಎಂಟು ದಿನ ಹಿಡಿದಿತ್ತು.

ಅದೇ ವಾರ ನನ್ನನ್ನು ನೋಡಲು ಲಕ್ಷ್ಮೀಪುರಂನ ಒಂದು ಮನೆಯವರು ಬಂದು ಹೋಗಿದ್ದರು. ಹುಡುಗ ಆಫೀಸಿನಲ್ಲಿ ಗುಮಾಸ್ತ. ಅವರು ಬಂದ ದಿನ ಅಣ್ಣ ಗಾಡಿಯನ್ನು ಹಿಂದಿನ ಬೀದಿಯಲ್ಲಿ ಬಿಟ್ಟು, ಒಗೆದ ಷರಟು ಹಾಕಿಕೊಂಡು ಕೂತಿದ್ದ. "ಅಣ್ಣನಿಗೆ ಏನು ಕೆಲಸ?" ಎಂದು ಅವರು ಕೇಳಿದಾಗ ನಮ್ಮ ಮಾವ, "ಸ್ವಂತ ವ್ಯವಹಾರ" ಎಂದಿದ್ದರು. ಅವರ ಮನೆಯಲ್ಲಿ ರೇಡಿಯೋ ಇದೆಯೆಂದು ಹುಡುಗನ ತಾಯಿ ಎರಡು ಸಲ ಹೇಳಿದ್ದರು.

ಮಧ್ಯಾಹ್ನ ಅವ್ವ ಮಲಗಿದ್ದಾಗ ಅಣ್ಣನ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತೆ. ಮೊದಲ ಸಾಲೇ "ನಾನು ಜಟಕಾ ಒಡೆಯೋನು ಸಾಮಿ" ಎಂದಿತ್ತು. ಆ ತಾಯಿ ರೇಡಿಯೋ ಮುಂದೆ ಕೂತಿರುವುದು, ಅದರೊಳಗಿಂದ ಈ ಮಾತು ಬರುವುದು ನನ್ನ ಕಣ್ಣಿಗೆ ಕಟ್ಟಿತು. ಶಾಯಿ ಅದ್ದಿ, "ನಾನೊಬ್ಬ ಗುಮಾಸ್ತನು" ಎಂದು ಬರೆದೆ.

ಆಮೇಲೆ ನಿಲ್ಲಿಸಲು ಆಗಲಿಲ್ಲ. ಗುಮಾಸ್ತನಿಗೆ ಕುದುರೆ ಎಲ್ಲಿಂದ ಬರಬೇಕು? ಕುದುರೆಯನ್ನು ಸೈಕಲ್ ಮಾಡಿದೆ. ಸೈಕಲ್ಲಿಗೆ ಕಡಲೆ ತಿನ್ನಿಸುವುದಕ್ಕಾಗುತ್ತದೆಯೇ? ಮೇಷ್ಟ್ರ ಹೆಂಡತಿ ಗುಮಾಸ್ತನಿಗೆ ಕಾಫಿ ತಂದುಕೊಡುವಂತೆ ಮಾಡಿದೆ. ಬೈಗುಳ ಇದ್ದ ಕಡೆ ಪಾಠದ ಪುಸ್ತಕದಲ್ಲಿ ಓದಿದ ನೀತಿಮಾತು ಸೇರಿಸಿದೆ. ಮುಗಿದಾಗ ಅದು ನನಗೆ ಬಹಳ ಮರ್ಯಾದಸ್ಥ ಕತೆಯಾಗಿ ಕಂಡಿತು. ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟೆ. ಅಣ್ಣ ಅದನ್ನು ಬಿಚ್ಚಿ ನೋಡಲಿಲ್ಲ. ತಂಗಿ ಬರೆದಿದ್ದಾಳೆ, ಇನ್ನೇನು ನೋಡುವುದು?

ಆ ಹೊತ್ತಿಗೆ ಸಾಹೇಬರು ಸ್ಟೇಷನ್ ಪಕ್ಕದಲ್ಲೇ ಮನೆ ಮಾಡಿ, ಗಾಡಿ ಹತ್ತುವುದನ್ನು ನಿಲ್ಲಿಸಿದ್ದರು. ಹಾಗಾಗಿ ಉತ್ತರ ಅಂಚೆಯಲ್ಲಿ ಬಂತು. ಅಣ್ಣ ಮನೆಯಲ್ಲಿರಲಿಲ್ಲ. ನಾನೇ ಒಡೆದೆ. ನಾನು ಬರೆದ ಹಾಳೆಗಳು ವಾಪಸು ಬಂದಿದ್ದವು. ಮೇಲೊಂದು ಚೀಟಿ: "ನೀನು ಗಾಡಿಯಲ್ಲಿ ಹೇಳಿದ ಕತೆ ಇದಲ್ಲ. ನನಗೆ ಅದು ಬೇಕು. ಅದನ್ನು ಕಳಿಸು."

ಬೇಡ ಎಂದಿರಲಿಲ್ಲ ಅವರು. ಬೇಕು ಎಂದಿದ್ದರು. ಆದರೆ ಆ ಚೀಟಿ ತೋರಿಸಿದರೆ ನನ್ನ ಹಾಳೆಗಳನ್ನೂ ತೋರಿಸಬೇಕಿತ್ತು. ಎರಡನ್ನೂ ಪೆಟ್ಟಿಗೆಯ ತಳದಲ್ಲಿ, ಅಣ್ಣನ ಸೀಸದಕಡ್ಡಿಯ ಹಾಳೆಗಳ ಜೊತೆ ಇಟ್ಟೆ. ಸಂಜೆ ಅವನು ಬಂದಾಗ, "ಬೇಡ್ವಂತೆ ಕಣಣ್ಣ" ಎಂದುಬಿಟ್ಟೆ.

ಅಣ್ಣ ಕಾಲು ತೊಳೆಯುತ್ತಿದ್ದವನು ಚೊಂಬು ಕೆಳಗಿಟ್ಟ. "ಏನು ಬೇಡ್ವಂತೆ? ಕುದ್ರೆ ಕತೆನಾ, ನನ್ನಾ?"

ನಾನು ಚೊಂಬು ಎತ್ತಿಕೊಂಡು ಒಳಗೆ ಹೋದೆ.

"ಓಗ್ಲಿ ಬುಡು," ಎಂದ ಅವ್ವ. "ಬರಿಯೋರು ಬೇರೆ, ಗಾಡಿ ಒಡಿಯೋರು ಬೇರೆ."

ಲಕ್ಷ್ಮೀಪುರಂನವರು ಹುಡುಗಿ ಕುಳ್ಳಿ ಎಂದು ಹೇಳಿ ಕಳಿಸಿದರು. ಅದರಿಂದ ನನಗೆ ಅಂಥ ದುಃಖವಾಗಲಿಲ್ಲ. ಆಗಿದ್ದು ಅಣ್ಣನಿಂದ. ಅವನು ಗಾಡಿಯಲ್ಲಿ ಕತೆ ಹೇಳುವುದನ್ನೇ ಬಿಟ್ಟುಬಿಟ್ಟ. ಒಂದು ದಿನ ಅವ್ವನನ್ನೂ ನನ್ನನ್ನೂ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೊರಟಿದ್ದ. ಜೊತೆಗೆ ಹತ್ತಿದ್ದ ಪರಿಚಯದ ಮುದುಕರೊಬ್ಬರು, "ಏನಯ್ಯ, ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ? ಒಂದು ಕತೆ ಹೇಳು" ಎಂದರು. "ಯಾವ್ದೂ ಗ್ಯಾಪ್ಕ ಇಲ್ಲ ಬುದ್ಧಿ," ಎಂದ ಅಣ್ಣ. ಅವನ ಬೆನ್ನು ನೋಡುತ್ತ ಕೂತಿದ್ದ ನನಗೆ ಆ ದಾರಿ ಮುಗಿಯಲೇ ಇಲ್ಲ.

ಮಾರನೆಯ ದಿನ ಪೆಟ್ಟಿಗೆಯಿಂದ ಅವನ ಆರು ಹಾಳೆ ತೆಗೆದುಕೊಂಡು ಯಾದವಗಿರಿಗೆ ನಡೆದೆ. ಜಟಕಾದವನ ತಂಗಿ ಎಂದಾಗ ಸಾಹೇಬರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಅಲ್ಲೇ ಓದಿದರು. ತುಟಿ ಅಲ್ಲಾಡಿಸುತ್ತ, ಓದಲು ಎಷ್ಟು ನಿಮಿಷ ಹಿಡಿಯುತ್ತದೆಂದು ಮಧ್ಯೆ ಕೈಗಡಿಯಾರ ನೋಡುತ್ತ ಓದಿದರು. ಬೈಗುಳ ಬಂದ ಕಡೆ ಜೋರಾಗಿ ನಕ್ಕರು.

"ಇದೇ, ಇದೇ! ಹಾಗಾದರೆ ಆ ಸೈಕಲ್ಲು ಯಾರದಮ್ಮ?"

"ನಂದು, ಬುದ್ಧಿ."

"ಗಂಡ ಸತ್ತ ಹೆಂಗಸು ದಿನಾ ಗೇಟಿಗೆ ಬಂದು ಗುಮಾಸ್ತನಿಗೆ ಕಾಫಿ ಕೊಟ್ಟರೆ ಬೀದಿಯವರು ಸುಮ್ಮನೆ ಬಿಡ್ತಾರೇನಮ್ಮ?" ಎಂದರು. ನನ್ನ ಮುಖ ನೋಡಿ ನಗು ನಿಲ್ಲಿಸಿ, "ಅಕ್ಷರ ಮುತ್ತಿನಂತಿದೆ. ಕತೆ ಮಾತ್ರ ಅವನದೇ ಇರಲಿ. ರೇಡಿಯೋ ಅಂದರೆ ಕಿವಿ. ಬರೆದದ್ದನ್ನ ಒಬ್ಬರು ಗಟ್ಟಿಯಾಗಿ ಓದಬೇಕು, ಒಬ್ಬರು ಕೇಳಬೇಕು. ಅವನಿಗೂ ಹೇಳು, ನಾಳೆ ಬರೋದಕ್ಕೆ ಹೇಳು" ಎಂದರು.

ನಾನು ಮನೆಗೆ ಬಂದಾಗ ಅಣ್ಣ ಕುದುರೆಯ ಮೈ ಉಜ್ಜುತ್ತಿದ್ದ. ನಿಂತೇ ಎಲ್ಲ ಹೇಳಿದೆ. ಚೀಟಿ ಕೊಟ್ಟೆ, ನನ್ನ ಹಾಳೆಗಳನ್ನೂ ಕೊಟ್ಟೆ. ಅವನು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದ.

"ಕುದ್ರೆ ಎಲ್ಲವ್ವ?"

"ಸೈಕಲ್ ಮಾಡ್ಬುಟ್ಟೆ."

"ಸೈಕಲ್ಲಾ!" ಎಂದು ಅವನು ನಕ್ಕುಬಿಟ್ಟ. ಕುದುರೆಯ ಕಡೆ ತಿರುಗಿ, "ಕೇಳುದ್ಯಾ, ನಿಂಗೆ ಗಂಟೆ ಕಟ್ಟವ್ಳಂತೆ" ಎಂದ. ಹಾಗೇ ಅದರ ಕತ್ತಿಗೆ ಮುಖವಿಟ್ಟು ಬಹಳ ಹೊತ್ತು ಈಚೆಗೆ ತಿರುಗಲಿಲ್ಲ. ಆಮೇಲೆ ಕೇಳಿದ, "ಯಾಕವ್ವ ಅಂಗ್ಮಾಡ್ದೆ?"

"ಚೆಂದಾಗಿರ್ಲಿ ಅಂತ ಕಣಣ್ಣ."

ಅವನು ತಲೆಯಾಡಿಸಿದ. ನಂಬಿದ. ನಿನ್ನ ಗಾಡಿಯ ಬಗ್ಗೆ, ನಿನ್ನ ಬಗ್ಗೆ ನನಗೆ ನಾಚಿಕೆಯಾಗಿತ್ತು ಎಂದು ಹೇಳಲು ನಾಲಿಗೆ ಏಳಲಿಲ್ಲ.

ಕುದುರೆಯ ಕತೆ ಆ ತಿಂಗಳೇ ಬಂತು. ಜಟಕಾ ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ರೇಡಿಯೋ ಇತ್ತು. ಗಾಡಿಯವರೆಲ್ಲ ಅಲ್ಲಿ ಸೇರಿ ಕೇಳಿ, ಅಣ್ಣನನ್ನು ವಾರವೆಲ್ಲ "ಮೇಷ್ಟ್ರೇ" ಎಂದು ರೇಗಿಸಿದರು. ತಿಂಗಳಿಗೊಂದು ಬರೆಯುತ್ತಿದ್ದವನು ಹದಿನೈದು ದಿನಕ್ಕೊಂದು, ಮುಂದೆ ವಾರಕ್ಕೊಂದು ಬರೆದ. ಶುದ್ಧಪ್ರತಿ ನನ್ನದೇ. ಯಾರಾದರೂ ಹೊಗಳಿದರೆ, "ನಾನು ಬರೀ ಏಳ್ತೀನಿ, ಬರಿಯೋಳು ನಮ್ ತಂಗಿ" ಎನ್ನುತ್ತಿದ್ದ.

ಆದರೆ ಲಕೋಟೆಗೆ ಹಾಕುವ ಮುಂಚೆ ಪ್ರತಿ ಸಲವೂ, "ಓದು, ಕೇಳ್ತೀನಿ. ಸಾಯೇಬ್ರು ಏಳವ್ರಲ್ಲ" ಎಂದು ತನ್ನ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂರುತ್ತಿದ್ದ. ಸಾಹೇಬರು ಹೇಳಿದ್ದು ನಿಜ. ಅವನ ಬೆರಳು ಅವನ ಹಾಳೆಯ ಮೇಲೆ ಸಾಲುಸಾಲಾಗಿ ನನ್ನ ಓದನ್ನು ಹಿಂಬಾಲಿಸುತ್ತಿದ್ದದ್ದೂ ನಿಜ.

ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ನಿದ್ದೆಗಣ್ಣಿನಲ್ಲಿ ಬರೆದಿದ್ದರಿಂದ ಒಂದು ಸಾಲು ಬಿಟ್ಟುಹೋಗಿತ್ತು. ಅವನ ಬೆರಳು ನಿಂತಿತು. ನಾನು ತಲೆಯೆತ್ತಿ ನೋಡಿದೆ. ಅವನು ನನಗಿಂತ ಹೆಚ್ಚು ಹೆದರಿದವನಂತೆ ಕಂಡ.

"ಬುಟ್ಟೋಗದೆ, ಅಷ್ಟೇಯ," ಎಂದು ಬೇಗ ಬೇಗ ಹೇಳಿದ. "ಯಾರ್ಗಾದ್ರೂ ಆಯ್ತದೆ."

"ಅಣ್ಣ, ಅವತ್ತು ನಾನು ಕುದ್ರೆನ ಸೈಕಲ್ ಮಾಡಿದ್ದು..." ಎಂದು ಶುರುಮಾಡಿದೆ.

"ಓದವ್ವ," ಎಂದ ಅವನು.

ನಾನು ಓದಿದೆ.