ಅಮ್ಮ ಮೆಚ್ಚಿದ ಹಸಿರು ಸಾರು

ನಮ್ಮ ಮನೆಯಲ್ಲಿ ಥಾಯ್ ಅಡುಗೆ ಶುರುವಾದದ್ದು ನನ್ನ ಗಂಡನ ಲಿವರ್‌ನಿಂದ. ಅವರು ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ವರ್ಷಕ್ಕೊಮ್ಮೆ ಅಲ್ಲಿ ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸುತ್ತಾರೆ. ಆ ಸಲದ ವರದಿಯಲ್ಲಿ ಲಿವರ್‌ನಲ್ಲಿ ಕೊಬ್ಬು ಸೇರಿದೆ ಎಂದು ಬಂದಿತ್ತು. ತುಪ್ಪ, ಪನೀರು, ಪರಾಠಾ ಕಡಿಮೆ ಮಾಡಿ ಹಗುರವಾದದ್ದನ್ನು ತಿನ್ನಬೇಕೆಂದು ಡಾಕ್ಟರು ಹೇಳಿದರು. ಹಗುರ ಎಂದರೆ ಏನು ಎಂದು ಮಾತ್ರ ಹೇಳಲಿಲ್ಲ.

ದೆಹಲಿಯ ಪೀತಮ್‌ಪುರದಲ್ಲಿ ಹದಿನೆಂಟು ವರ್ಷ ಕಳೆದ ಮೇಲೆ ನಮ್ಮ ಅಡುಗೆ ಯಾವ ಊರಿನದೆಂದು ನನಗೇ ಹೇಳಲು ಬರುತ್ತಿರಲಿಲ್ಲ. ಬೆಳಿಗ್ಗೆ ಪರಾಠಾ, ಮಧ್ಯಾಹ್ನ ಡಬ್ಬಿಗೆ ಚಿತ್ರಾನ್ನ, ರಾತ್ರಿ ರಾಜ್ಮಾ. ಇದರಲ್ಲಿ ಯಾವುದನ್ನು ತೆಗೆಯುವುದು, ಯಾವುದನ್ನು ಉಳಿಸುವುದು ಎಂದು ತಿಳಿಯದೆ ಫೋನಿನಲ್ಲಿ ಅಡುಗೆಯ ವಿಡಿಯೊ ನೋಡತೊಡಗಿದೆ. ಅದರಲ್ಲಿ ಬರುತ್ತಿದ್ದವರೆಲ್ಲ ಎರಡು ಚಮಚ ಎಣ್ಣೆಯಲ್ಲಿ ತರಕಾರಿ ಬಾಡಿಸಿ, ಒಂದಿಷ್ಟು ಕಪ್ಪು ಸಾಸು ಸುರಿದು, ಐದು ನಿಮಿಷದಲ್ಲಿ ಊಟ ಮುಗಿಸುತ್ತಿದ್ದರು. ನಾನೂ ಮಾಡಿದೆ. ಸೋಯಾ ಸಾಸಿನಲ್ಲಿ ತೆಳುವಾದದ್ದು, ಗಾಢವಾದದ್ದು ಎಂದು ಎರಡು ಬಗೆ ಇದೆ ಎಂಬುದು ಗೊತ್ತಿರಲಿಲ್ಲ. ಗಾಢದ್ದನ್ನೇ ಅರ್ಧ ಬಟ್ಟಲು ಸುರಿದುಬಿಟ್ಟೆ. ಕೋಸು, ಬೀನ್ಸು, ಕ್ಯಾರೆಟ್ಟು ಎಲ್ಲವೂ ಒಂದೇ ಬಣ್ಣವಾದವು. ಸೋಯಾ ಹಾಲಿನ ಟೋಫುವನ್ನು ಪನೀರಿನಂತೆ ಒತ್ತಿ ಒತ್ತಿ ಹುರಿದೆ, ಪುಡಿಯಾಯಿತು. ಅಕ್ಕಿ ಶಾವಿಗೆ ಮುದ್ದೆಯಾಗಿ, ಕಾಲೇಜಿಗೆ ಹೋಗುವ ಮಗಳು ಅದನ್ನು ಚಾಕುವಿನಿಂದ ಕೊಯ್ದು ತಟ್ಟೆಗೆ ಹಾಕಿಕೊಂಡಳು. ನನ್ನ ಗಂಡ ಎಲ್ಲವನ್ನೂ ತಿಂದರು. ಹೆದರಿದ ಮನುಷ್ಯ ಏನು ಕೊಟ್ಟರೂ ತಿನ್ನುತ್ತಾನೆ.

ಹೀಗೆ ತಡವರಿಸುತ್ತಿದ್ದಾಗಲೇ ಮಾರುಕಟ್ಟೆಯ ಅಂಗಡಿಯೊಂದರಲ್ಲಿ ಆ ಜಾಡಿ ಸಿಕ್ಕಿತು. ಥಾಯ್ ಗ್ರೀನ್ ಕರಿ ಎಂಬ ಹಸಿರು ಸಾರಿನ ಮಸಾಲೆ. ಮೇಲೆ ತುಳಸಿಯಂಥ ಎಲೆಯ ಚಿತ್ರ, ಹಸಿಮೆಣಸಿನಕಾಯಿಯ ಚಿತ್ರ, ಯಾವುದೋ ದೇಶದ ಗುಂಡು ಗುಂಡು ಲಿಪಿ. "ಭಯ್ಯಾ, ಇದು ಚೆನ್ನಾಗಿರತ್ತಾ?" ಎಂದು ಹಿಂದಿಯಲ್ಲಿ ಕೇಳಿದೆ. "ಬಹಳ ಹೋಗುತ್ತೆ ಮೇಡಂ" ಎಂದ ಅಂಗಡಿಯವನು. ನಾನು ಕೇಳಿದ್ದು ಅಷ್ಟೇ, ಅವನು ಹೇಳಿದ್ದೂ ಅಷ್ಟೇ. ಒಂದು ಚಮಚ ಮಸಾಲೆಯನ್ನು ತೆಳ್ಳಗಿನ ತೆಂಗಿನ ಹಾಲಿನಲ್ಲಿ ಕುದಿಸಿ, ಬದನೆಕಾಯಿ, ಬೀನ್ಸು, ಟೋಫು ಹಾಕಿದರೆ ಸಾಕು. ಮೊದಲ ದಿನವೇ ಅದು ಸರಿಯಾಗಿ ಬಂತು. ನಾನು ತಪ್ಪು ಮಾಡಲು ಅದರಲ್ಲಿ ಜಾಗವೇ ಇರಲಿಲ್ಲ ಎಂದುಕೊಂಡೆ.

ಫೆಬ್ರವರಿಯ ಮೊದಲಲ್ಲೇ ಅಮ್ಮ ಬಂದಳು. ದಾವಣಗೆರೆಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದವಳಿಗೆ ಟೈಫಾಯ್ಡ್ ಆಗಿ, ಜ್ವರ ಬಿಟ್ಟರೂ ಬಾಯಿ ರುಚಿ ಬಂದಿರಲಿಲ್ಲ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ ಹೆಂಗಸು, ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬಂದಾಗ ಪುಟ್ಟ ಹುಡುಗಿಯಂತೆ ಕಂಡಳು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ರೊಟ್ಟಿ ಮಾಡಿದೆ, ಜೋಳದ ನುಚ್ಚು ಮಾಡಿದೆ, ಎಣ್ಣೆಗಾಯಿ ಮಾಡಿದೆ. "ಎಲ್ಲ ಹುಲ್ಲಿನ ಹಾಗಿದೆ ಕಣೇ" ಎಂದು ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದಳು.

ಒಂದು ಭಾನುವಾರ ನಮಗಾಗಿ ಆ ಹಸಿರು ಸಾರು ಮಾಡಿದ್ದೆ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಇದೇನು ವಾಸನೆ? ಮಜ್ಜಿಗೆ ಹುಲ್ಲು ಹಾಕಿದೀಯಾ?"

ಮಸಾಲೆಯೊಳಗೆ ಮಜ್ಜಿಗೆ ಹುಲ್ಲು, ಅಂದರೆ ಲೆಮನ್ ಗ್ರಾಸ್, ಇದೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ಒಂದು ಬಟ್ಟಲಿಗೆ ಹಾಕಿಕೊಟ್ಟೆ. ಟೋಫು ತುಂಡನ್ನು ಬೆರಳಿನಿಂದ ಒತ್ತಿ ನೋಡಿ "ಗಿಣ್ಣಿನ ಥರ ಇದೆ" ಎಂದಳು. ಆಮೇಲೆ ಅನ್ನ ಹಾಕಿಸಿಕೊಂಡಳು. ಮತ್ತೊಮ್ಮೆ ಹಾಕಿಸಿಕೊಂಡಳು. ನಾನು, ನನ್ನ ಗಂಡ, ಮಗಳು ಮೂವರೂ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದೆವು. "ಬಾಯಿಗೆ ಇವತ್ತು ಹಿಡಿಸ್ತು" ಎಂದಳು.

ಅಲ್ಲಿಂದ ವಾರಕ್ಕೆ ಮೂರು ದಿನ, ಕೆಲವು ವಾರ ನಾಲ್ಕು ದಿನ ಅದೇ ಸಾರು. ಅಮ್ಮನ ಮುಖ ತುಂಬಿಕೊಳ್ಳುತ್ತ ಬಂತು. ಸಂಜೆ ಪಾರ್ಕಿನಲ್ಲಿ ಎರಡು ಸುತ್ತು ಹಾಕತೊಡಗಿದಳು. ಫೋನಿನಲ್ಲಿ ತಮ್ಮನ ಹೆಂಡತಿಗೆ, "ಅಕ್ಕ ಒಂದು ಹಸಿರು ಸಾರು ಮಾಡ್ತಾಳೆ, ಅದರಿಂದಲೇ ಎದ್ದು ಕೂತೆ" ಎಂದು ಹೇಳುವುದು ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು.

ಮಾರ್ಚ್ ಕೊನೆಗೆ ಮಗಳು ಹಾಲು, ಮೊಸರು, ಜೇನು ಎಲ್ಲ ಬಿಟ್ಟೆನೆಂದು ಸಾರಿದಳು. ಪ್ರಾಣಿಗಳಿಂದ ಬಂದದ್ದು ಏನೂ ಬೇಡವಂತೆ. ಒಂದು ಬೆಳಿಗ್ಗೆ ಫ್ರಿಜ್ಜಿನ ಮುಂದೆ ನೆಲದ ಮೇಲೆ ಕೂತು, ಒಂದೊಂದೇ ಬಾಟಲಿ ತೆಗೆದು ಹಿಂದಿನ ಸಣ್ಣ ಅಕ್ಷರಗಳನ್ನು ಓದುತ್ತಿದ್ದಳು. ಆ ಜಾಡಿಯನ್ನು ಬೆಳಕಿನ ಕಡೆಗೆ ತಿರುಗಿಸಿದಳು. ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದಳು. ಅದರ ಕೆಳಗೆ ಕಂದು ಬಣ್ಣದ ಗುರುತಿತ್ತು.

"ಮಮ್ಮಿ, ಇಸ್ ಮೇ ಶ್ರಿಂಪ್ ಹೈ."

"ಏನು?"

"ಸಿಗಡಿ. ಶ್ರಿಂಪ್ ಪೇಸ್ಟ್. ನೀನು ಓದಿಲ್ವಾ?"

ನಾನು ಶಾಲೆಯೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ದಿನವಿಡೀ ಮಕ್ಕಳಿಗೆ ಓದಿ, ಓದಿ ಎನ್ನುವವಳು. ಏಳು ವಾರಗಳಲ್ಲಿ ನಾಲ್ಕು ಜಾಡಿ ಖಾಲಿ ಮಾಡಿದ್ದೆ. ಒಮ್ಮೆಯೂ ಹಿಂದೆ ತಿರುಗಿಸಿ ನೋಡಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಅಮ್ಮ ಪೂಜೆಗೆ ಕೂತಿದ್ದಳು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ನೀರು ಹಾಕುವವಳಲ್ಲ. ಮೊಟ್ಟೆ ಹಾಕಿದ ಕೇಕು ಎಂದು ತಿಳಿದರೆ ಆ ಮೇಜಿನಿಂದಲೇ ಎದ್ದು ಹೋಗುವವಳು. ಅವಳ ಹಣೆಯ ವಿಭೂತಿಯನ್ನು ಬಾಗಿಲಿನ ಸಂದಿಯಿಂದ ನೋಡಿ, ಆ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಎಳೆದೆ. ಆದರೆ ನನ್ನನ್ನು ಹೆಚ್ಚು ಗಲಿಬಿಲಿಗೊಳಿಸಿದ್ದು ಬೇರೆ. ನಾನೂ ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವಳಲ್ಲ. ನಾನೂ ಅದನ್ನೇ ತಿಂದಿದ್ದೆ. ಅಸಹ್ಯವಾಗಬೇಕು ಎಂದು ಕಾದೆ. ಏನೂ ಆಗಲಿಲ್ಲ. ಅಮ್ಮನ ವಿಷಯದಲ್ಲಿ ಪಾಪ ಎನಿಸಿದ್ದು ನನ್ನ ವಿಷಯದಲ್ಲಿ ಯಾಕೆ ಬರೀ ಅಚಾತುರ್ಯ ಎನಿಸುತ್ತಿದೆ ಎಂದು ತಿಳಿಯಲಿಲ್ಲ.

ಸಂಜೆ ಗಂಡ ಬಂದ ಕೂಡಲೇ ಹೇಳಿದೆ. ಅವರು ಬೂಟಿನ ದಾರ ಬಿಚ್ಚುತ್ತ ಯೋಚಿಸಿದರು.

"ಹೇಳಬೇಡ. ಅತ್ತೆ ಚೆನ್ನಾಗಾಗಿದಾರೆ. ಗೊತ್ತಿಲ್ಲದೆ ಆಗಿದ್ದು. ಹೇಳಿದ್ರೆ ಮತ್ತೆ ಊಟ ಬಿಡ್ತಾರೆ."

"ನಾಟ್ ಫೇರ್, ಪಾಪಾ" ಎಂದಳು ಮಗಳು. "ಅಜ್ಜಿ ಏನು ತಿಂತಾರೆ ಅಂತ ಅಜ್ಜಿಗೆ ಗೊತ್ತಿರ್ಬೇಕು. ಅವರ ಬಾಡಿ, ಅವರ ಡಿಸಿಷನ್."

ಇಬ್ಬರೂ ಹೇಳಿದ್ದು ಸರಿ ಎನಿಸಿತು. ಯಾರು ಮಾತಾಡುತ್ತಿದ್ದರೋ ಆ ಹೊತ್ತಿಗೆ ಅವರದೇ ಸರಿ. ಕೊನೆಗೆ ನಾನು ಒಂದು ಅಡ್ಡದಾರಿ ಹಿಡಿದೆ. ಜಾಡಿಯನ್ನು ಎಸೆದು ಮಸಾಲೆಯನ್ನು ನಾನೇ ಅರೆಯುವುದು. ಅಮ್ಮನಿಗೆ ವ್ಯತ್ಯಾಸ ತಿಳಿಯದಿದ್ದರೆ, ಆದದ್ದು ತನ್ನಷ್ಟಕ್ಕೆ ಮುಚ್ಚಿಹೋಗುತ್ತದೆ.

ಮಜ್ಜಿಗೆ ಹುಲ್ಲು, ಶುಂಠಿಯ ಜಾತಿಯ ಒಂದು ಗಡ್ಡೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಬೇರು, ನಿಂಬೆಯ ಎಲೆ ಎಲ್ಲ ತಂದು ಕುಟ್ಟಿದೆ. ಬಣ್ಣ ಮೊದಲಿನದಕ್ಕಿಂತ ಚೆನ್ನಾಗಿಯೇ ಬಂತು. ಅಮ್ಮ ಒಂದು ತುತ್ತು ತಿಂದು ನಿಲ್ಲಿಸಿದಳು.

"ಇವತ್ತು ಏನೋ ಕಮ್ಮಿ ಇದೆಯಲ್ಲ."

"ಉಪ್ಪು ಇರಬಹುದು" ಎಂದೆ.

"ಉಪ್ಪಲ್ಲ. ಅದರ ತಳದಲ್ಲಿ ಒಂದು ರುಚಿ ಇರ್ತಿತ್ತು. ಅದೇ ಇಲ್ಲ."

ಆ ತಳದ ರುಚಿ ಏನೆಂದು ನನಗೆ ಗೊತ್ತಿತ್ತು. ಅದನ್ನು ಸೊಪ್ಪು, ಕಾಳುಗಳಿಂದ ಹೇಗೆ ತರುವುದೆಂದು ಹುಡುಕುತ್ತ ಹತ್ತು ದಿನ ಕಳೆದೆ. ಒಣ ಅಣಬೆ ನೆನೆಸಿದ ನೀರು ಹಾಕಿದೆ. "ಮಣ್ಣಿನ ವಾಸನೆ" ಎಂದಳು. ಜಪಾನಿನವರು ಸೋಯಾ ಕಾಳು ಹುದುಗಿಸಿ ಮಾಡುವ ಮಿಸೊ ಎಂಬ ಹಿಟ್ಟಿನಂಥದನ್ನು ಕದಡಿ ಹಾಕಿದೆ. "ಹತ್ತಿರ ಬಂತು, ಆದರೂ ಅದಲ್ಲ" ಎಂದಳು. ಈ ನಡುವೆ ಅವಳ ಊಟ ಮತ್ತೆ ಇಳಿಯುತ್ತಿತ್ತು. ನನ್ನ ಗಂಡ ಅದನ್ನು ನೋಡಿ ನನ್ನ ಕಡೆ ನೋಡುತ್ತಿದ್ದರು. ಒಮ್ಮೆ ಅಂಗಡಿಯಲ್ಲಿ ಅದೇ ಜಾಡಿಯ ಮುಂದೆ ನಿಂತುಬಿಟ್ಟೆ. ಕೈ ಅದರ ಮೇಲಿತ್ತು. ಗೊತ್ತಿದ್ದೂ ಕೊಂಡರೆ ನಾನು ಯಾರಾಗುತ್ತೇನೆ, ಕೊಳ್ಳದೆ ಅವಳು ಮತ್ತೆ ಹಾಸಿಗೆ ಹಿಡಿದರೆ ಯಾರಾಗುತ್ತೇನೆ ಎಂದು ತೋಚದೆ, ಬೇಡವಾಗಿದ್ದ ಒಂದು ಬಿಸ್ಕತ್ತಿನ ಪೊಟ್ಟಣ ಕೊಂಡು ಹೊರಬಂದೆ.

ಕೊನೆಗೆ ಮಗಳು ಕಡಲ ಪಾಚಿ ತಂದಳು. ಒಣಗಿಸಿದ, ಕಾಗದದಂಥ ಕಡುಹಸಿರು ಹಾಳೆಗಳು. "ಪ್ಯೂರ್ ಪ್ಲಾಂಟ್, ಮಮ್ಮಿ. ಪಕ್ಕಾ. ಮೂರು ಸಲ ಓದಿದೀನಿ." ಅದನ್ನು ಪುಡಿ ಮಾಡಿ ಸಾರಿಗೆ ಹಾಕಿದೆ. ಅಮ್ಮ ಬಟ್ಟಲನ್ನು ಮುಖದ ಹತ್ತಿರ ತಂದವಳು ತಟ್ಟನೆ ಕೆಳಗಿಟ್ಟಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದರಲ್ಲಿ ಮೀನು ಹಾಕಿದೀಯಾ? ಮೀನಿನ ವಾಸನೆ ಇದು. ಏನು ತಿನ್ನಿಸ್ತಾ ಇದೀಯಾ ನನಗೆ?"

ಮಗಳು ಪೊಟ್ಟಣ ತಂದು ತೋರಿಸಿದಳು. "ಅಜ್ಜಿ, ವೆಜ್ ಅನ್ನೋ ಗ್ರೀನ್ ಡಾಟ್ ಇದೆ ನೋಡಿ" ಎಂದಳು. ಅಮ್ಮ ನಂಬಲಿಲ್ಲ. ಎದ್ದು ಹೋಗಿ ಬಾಯಿ ಮುಕ್ಕಳಿಸಿದಳು. ಸಿಗಡಿಯನ್ನು ಏಳು ವಾರ ಚಪ್ಪರಿಸಿ ತಿಂದವಳು ಬರೀ ನೀರಿನ ಗಿಡವನ್ನು ಉಗಿದಿದ್ದಳು. ನನಗೆ ನಗು ಬಂತು, ನಗುತ್ತಿದ್ದ ಹಾಗೇ ಕಣ್ಣಲ್ಲಿ ನೀರು ಬಂತು. ಇನ್ನು ನನ್ನಿಂದ ಆಗದು ಎನಿಸಿತು.

ಮಾರನೆಯ ದಿನ ಬೆಳಿಗ್ಗೆ, ಅಮ್ಮ ಬಾಲ್ಕನಿಯ ಬಿಸಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಾಗ, ನಾನೂ ಒಂದು ಹಿಡಿ ತೆಗೆದುಕೊಂಡು ಎದುರಿಗೆ ಕೂತೆ.

"ಅಮ್ಮ, ನಿನ್ನೆ ಹಾಕಿದ್ದು ಮೀನಲ್ಲ. ಆದರೆ ಮೊದಲು ಮಾಡ್ತಿದ್ದೆನಲ್ಲ, ಆ ಜಾಡಿ ಮಸಾಲೆ. ಅದರಲ್ಲಿ ಸಿಗಡಿ ಇತ್ತು. ನನಗೆ ಗೊತ್ತಿರಲಿಲ್ಲ."

ಅವಳ ಕೈ ನಿಂತಿತು. ಕೆಳಗೆ ತರಕಾರಿ ಗಾಡಿಯ ಸಬ್ಜಿವಾಲಾ ಕೂಗುತ್ತ ಮುಂದಿನ ಗಲ್ಲಿಗೆ ತಿರುಗಿದ.

"ಯಾವಾಗ ಗೊತ್ತಾಯ್ತು?"

"ಎರಡು ವಾರ ಆಯ್ತು."

"ಎರಡು ವಾರ" ಎಂದಳು. ಬಿಡಿಸಿದ ಕಾಳನ್ನು ನನ್ನ ಕಡೆ ಸರಿಸಿ ಎದ್ದುಹೋದಳು. ಬೆಳಿಗ್ಗೆ ಒಮ್ಮೆ ಸ್ನಾನ ಮಾಡಿದ್ದವಳು ಮತ್ತೆ ಸ್ನಾನ ಮಾಡಿದಳು. ಪೂಜೆಗೆ ಕೂತವಳು ಮಧ್ಯಾಹ್ನವಾದರೂ ಏಳಲಿಲ್ಲ. ಆ ದಿನ ಏನೂ ತಿನ್ನಲಿಲ್ಲ. ಮರುದಿನ ಗಂಜಿ ಕುಡಿದಳು. ನನ್ನನ್ನು ಬೈಯಲಿಲ್ಲ, ಅಳಲಿಲ್ಲ, ಊರಿಗೆ ಕಳಿಸು ಎನ್ನಲಿಲ್ಲ. ಇವುಗಳಲ್ಲಿ ಯಾವುದಾದರೂ ಒಂದನ್ನು ಮಾಡಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಾಗುತ್ತಿತ್ತು. ಗಂಡ "ನಾನು ಹೇಳಿದ್ದೆ" ಎಂಬ ಮುಖ ಮಾಡಿಕೊಂಡು ಓಡಾಡಿದರು. ಮಗಳು ಕೂಡ, ತಾನು ಹೇಳಿದ್ದೇ ನಡೆದಿದ್ದರೂ, ಮಂಕಾಗಿದ್ದಳು.

ಮೂರನೆಯ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಮನೆಯಲ್ಲಿದ್ದ ಡಬ್ಬಿ, ಬಾಟಲಿ, ಪೊಟ್ಟಣಗಳೆಲ್ಲ ಸಾಲಾಗಿ ನಿಂತಿದ್ದವು. ಅಮ್ಮ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡುತ್ತಿದ್ದಳು. ತಿಳಿಯದ ಇಂಗ್ಲಿಷ್ ಪದಗಳನ್ನು ಮೊಮ್ಮಗಳು ಓದಿ, ಹಿಂದಿ ಬೆರೆಸಿ ಅರ್ಥ ಹೇಳುತ್ತಿದ್ದಳು. ಪರೀಕ್ಷೆಯ ಪೇಪರು ತಿದ್ದುವಾಗಿನ ಮುಖ ಅದು. ನೋಡಿ ಮುಗಿದದ್ದನ್ನು ಬಲಕ್ಕೆ ಇಡುತ್ತಿದ್ದಳು, ಅನುಮಾನದ್ದನ್ನು ಎಡಕ್ಕೆ. ನನ್ನನ್ನು ಕಂಡು ಹೇಳಿದಳು:

"ನಿನಗೆ ಅಕ್ಷರ ಕಲಿಸಿದವಳು ನಾನು. ಓದದೆ ಹಾಕಿದೆಯಲ್ಲ."

ಅಷ್ಟೇ. ಲಿಂಗದ ಮಾತು ಬರಲಿಲ್ಲ, ಪಾಪದ ಮಾತು ಬರಲಿಲ್ಲ. ಆ ಒಂದು ವಾಕ್ಯದೊಳಗೆ ಎಲ್ಲವನ್ನೂ ಸೇರಿಸಿಬಿಟ್ಟಳೋ, ಅಥವಾ ಅವಳಿಗೆ ನೋವಾದದ್ದು ಅಷ್ಟಕ್ಕೆ ಮಾತ್ರವೋ, ನನಗೆ ಗೊತ್ತಾಗಲಿಲ್ಲ. "ತಪ್ಪಾಯ್ತಮ್ಮ" ಎಂದೆ. ಅವಳು ತಲೆಯಾಡಿಸಿ ಮುಂದಿನ ಪೊಟ್ಟಣ ತೆಗೆದುಕೊಂಡಳು.

ಆ ಶನಿವಾರ ತಾನೇ ಅಡುಗೆ ಮಾಡುತ್ತೇನೆಂದಳು. ನಾನು ಕುಟ್ಟಿಟ್ಟಿದ್ದ ಹಸಿರು ಮಸಾಲೆಯನ್ನು ತೆಂಗಿನ ಹಾಲಿಗೆ ಹಾಕಿ ಕುದಿಸಿದಳು. ಟೋಫು, ಬದನೆಕಾಯಿ ಹಾಕಿದಳು. ಆಮೇಲೆ ಊರಿಂದ ತಂದಿದ್ದ ಗುರೆಳ್ಳನ್ನು, ಅದೇ ಹುಚ್ಚೆಳ್ಳನ್ನು, ಹುರಿದು ಪುಡಿ ಮಾಡಿ ಎರಡು ಚಮಚ ಸೇರಿಸಿದಳು, ನಿಂಬೆ ಗಾತ್ರದ ಹುಣಸೆಹಣ್ಣು ಹಿಂಡಿದಳು. ಹಸಿರು ಸಾರು ಬೂದಿ ಬಣ್ಣಕ್ಕೆ ತಿರುಗಿತು. ನೋಡಲು ಚೆನ್ನಾಗಿರಲಿಲ್ಲ.

ನಾಲ್ವರೂ ಕೂತು ತಿಂದೆವು. ಅದು ಥಾಯ್ ಅಡುಗೆಯಾಗಿರಲಿಲ್ಲ, ದಾವಣಗೆರೆಯದೂ ಆಗಿರಲಿಲ್ಲ. ಗುರೆಳ್ಳಿನ ಜಿಡ್ಡು ಮತ್ತು ಸಣ್ಣ ಕಹಿ ತಳದಲ್ಲಿ ನಿಂತಿತ್ತು.

"ಹೇಗಿದೆ?" ಎಂದು ಅಮ್ಮ ಕೇಳಿದಳು.

"ಅಚ್ಛಾ ಹೈ ಅಜ್ಜಿ, ಇದು ಪೂರಾ ವೀಗನ್" ಎಂದಳು ಮಗಳು. ನನ್ನ ಗಂಡ ಮತ್ತೊಂದು ಸೌಟು ಹಾಕಿಸಿಕೊಂಡರು. ಅಮ್ಮ ತನ್ನ ತಟ್ಟೆಯಲ್ಲಿದ್ದದ್ದನ್ನು ಮುಗಿಸಿದಳು. ಹಳೆಯ ಜಾಡಿಯ ಸಾರನ್ನು ತಿಂದಷ್ಟು ತಿನ್ನಲಿಲ್ಲ, ಬಿಡಲೂ ಇಲ್ಲ.

ಮೇ ತಿಂಗಳ ಸೆಕೆ ಏರುವ ಮೊದಲು ಅವಳು ಊರಿಗೆ ಹೋದಳು. ಬಳೆಗಳು ಮಣಿಕಟ್ಟಿನಲ್ಲೇ ನಿಲ್ಲುತ್ತಿದ್ದವು. ಇದು ಆ ಏಳು ವಾರದ ಫಲವೋ, ಆಮೇಲಿನ ದಿನಗಳದ್ದೋ ಎಂದು ಯೋಚಿಸುತ್ತೇನೆ, ಬಗೆಹರಿಯುವುದಿಲ್ಲ. ಹೇಳದೆ ಇದ್ದಿದ್ದರೆ ಒಳ್ಳೆಯದಿತ್ತೇ ಎಂದು ಗಂಡನನ್ನು ಕೇಳಿದೆ. ಮೊದಲು ಹೌದು ಎಂದವರು, ಸ್ವಲ್ಪ ಹೊತ್ತಿನ ನಂತರ ಗೊತ್ತಿಲ್ಲ ಎಂದರು.

ಹೋದ ವಾರ ಫೋನಿನಲ್ಲಿ ಮಾತಾಡುತ್ತ ಧೈರ್ಯ ಮಾಡಿ, "ಅಮ್ಮ, ನನ್ನ ಮೇಲೆ ಇನ್ನೂ ಬೇಜಾರಿದೆಯಾ?" ಎಂದೆ. ಆ ಕಡೆ ಕುಕ್ಕರ್ ಕೂಗಿತು.

"ತೆಂಗಿನ ಹಾಲು ಒಡೆಯದ ಹಾಗೆ ಮಾಡೋದು ಹೇಗೆ, ಅದನ್ನ ಹೇಳು ಮೊದಲು" ಎಂದಳು. "ಇಲ್ಲಿ ಎರಡು ಸಲ ಒಡೆದುಹೋಯ್ತು."

ಉರಿ ಸಣ್ಣಗಿರಲಿ, ಕೈಯಾಡಿಸುತ್ತಾ ಇರು ಎಂದೆ. ಸರಿ ಎಂದು ಫೋನಿಟ್ಟಳು.